ಒಂದು ಹೆಚ್ಚು

ಪುಷ್ಯದ ಹುಣ್ಣಿಮೆಯ ದಿನ
ಬೈತಖೋಲದ ಧಕ್ಕೆಯಲ್ಲಿ ನನ್ನ ಕೆಲಸ ಇಷ್ಟೇ:
ಬೋಟು ಹತ್ತುವವರ ಕೊರಳಿಗೊಂದು ಕಿತ್ತಳೆ ಜಾಕೆಟ್ಟು,
ಪಟ್ಟಿಯಲ್ಲೊಂದು ಗೀಟು.
ನಾಲ್ಕು ಗೀಟಾದರೆ ಅಡ್ಡ ಒಂದು,
ಹುಲ್ಲುಹೊರೆ ಬಿಗಿದ ಹಾಗೆ.

ಇವತ್ತು ಬಂಗಡೆಗೆ ರಜೆ.
ಬಲೆಗಳೆಲ್ಲ ದಡದಲ್ಲಿ ಮುದುಡಿವೆ.
ಬೋಟುಗಳಿಗೆ ಅಭ್ಯಂಜನ, ಮೂತಿಗೆ ಗೊಂಡೆಹೂವು.
ಎಷ್ಟು ತೊಳೆದರೂ ಹಲಗೆ ಸಂದಿಯಲ್ಲಿ
ನಿನ್ನೆಯ ಮೀನಿನ ವಾಸನೆ;
ದೇವರಿಗೇನು ಗೊತ್ತಿಲ್ಲದ್ದಲ್ಲ.

ನಡುಗಡ್ಡೆಯ ನರಸಿಂಹನಿಗೆ ತೇರಿಲ್ಲ.
ಬೀದಿ ಇದ್ದರಲ್ಲವೆ ತೇರು!
ಪಲ್ಲಕ್ಕಿಯೂ ನಮ್ಮ ಹಾಗೆ
ಡೀಸೆಲ್ ಹೊಗೆ ಕುಡಿಯುತ್ತಲೇ ದಾಟಬೇಕು.
ಅವನು ಕೇಳುವುದು ಬಾಳೆಗೊನೆ.
ಹೆಗಲ ಮೇಲೆ, ಸೊಂಟದ ಮೇಲೆ,
ಸೈಕಲ್ಲಿನ ಕ್ಯಾರಿಯರಿನ ಮೇಲೆ ಮಗುವಿನ ಹಾಗೆ ಕೂತು
ಗೊನೆಗಳು ಬಂದವು.
"ಇದಕ್ಕೂ ಜಾಕೆಟ್ಟು ಬೇಕೇನು?" ಹುಡುಗನೊಬ್ಬ ಕೇಳಿದ.
ಎಲ್ಲ ನಕ್ಕರು. ನಾನೂ ನಕ್ಕೆ.
ಸಾಹೇಬರು ನಗಲಿಲ್ಲ.

ಶೇವಂತಿ ತಾಂಡೇಲ ಮಾತ್ರ ಒಲ್ಲೆನೆಂದಳು.
"ಅರವತ್ತು ವರ್ಷ ಈ ದರ್ಯಾದ ಉಪ್ಪು ತಿಂದವಳು.
ನಾ ಯಾರೆಂದು ಅದಕ್ಕೆ ಗೊತ್ತಿಲ್ಲವೋ?"
"ಅದಕ್ಕೆ ಗೊತ್ತು ಬಾಯಿ. ಸಾಹೇಬರಿಗೆ ಗೊತ್ತಿಲ್ಲ."
ತೊಟ್ಟಳು.
ಸೆರಗು ಒಳಗೋ ಹೊರಗೋ ಎಂದು ತುಸು ಜಗಳ,
ಕೊನೆಗೆ ಸೆರಗೇ ಗೆದ್ದಿತು.
ಅಬ್ಬಲಿಗೆ ದಂಡೆ, ಮೂಗುಬೊಟ್ಟು, ಕಿತ್ತಳೆ ಎದೆ:
ದಂಡೆತ್ತಿ ಹೊರಟ ಅಮ್ಮನೋರು!

ಒಂದು ಜಾಕೆಟ್ಟು ಒಂದು ಹಗಲಿಗೆ
ಎಷ್ಟು ಎದೆ ಬಡಿತ ಕೇಳುತ್ತದೋ.
ಬೆಳಿಗ್ಗೆ ಕೋಡಿಬಾಗದ ಡ್ರಾಯಿಂಗ್ ಮೇಷ್ಟ್ರು,
ಹತ್ತಕ್ಕೆ ಅರಿಶಿನ ಆರದ ಮದುಮಗಳು,
ಊಟದ ಹೊತ್ತಿಗೆ ನೌಕಾನೆಲೆಯ ಹಿಂದಿ ಸಿಪಾಯಿ.
ಯಾರ ಬೆವರು ಯಾರ ಹರಕೆಗೆ ಅಂಟಿತೋ,
ಯಾರೂ ಕೇಳಲಿಲ್ಲ.
ನೀರಿನ ಮೇಲೆ ಮಡಿಗೆ ಜಾಗ ಕಡಿಮೆ.

ಎಂಟು ವರ್ಷವಾಯಿತು, ನಾನು ನಡುಗಡ್ಡೆ ನೋಡಿಲ್ಲ.
ತಿರುಗಿ ಬಂದದ್ದೇ ನನ್ನ ಪಾಲಿನ ಜಾತ್ರೆ:
ಜಾಕೆಟ್ಟಿನ ಅಂಚಿಗೆ ಕುಂಕುಮ,
ವಡೆಯ ಎಣ್ಣೆ ಕುಡಿದ ಕಾಗದ,
ಕಿಸೆಯಲ್ಲಿ ಮರೆತ ಪೀಪಿ.
ಊದಿ ನೋಡಿದೆ. ಒಳಗೆ ಮರಳು.

ಸಂಜೆ ಗಾಳಿ ಮಗ್ಗುಲು ಬದಲಿಸಿತು.
ಕೊನೆಯ ಬೋಟೂ ಬಂತು. ಎಣಿಸಿದೆ.
ಗೋದಾಮಿನಿಂದ ತಂದದ್ದು ನೂರ ನಲವತ್ತು.
ಇಲ್ಲಿರುವುದು ನೂರ ನಲವತ್ತೊಂದು.
ಮತ್ತೆ ಎಣಿಸಿದೆ. ಬೆರಳು ಮಡಚಿ, ಬಾಯಿ ಬಿಟ್ಟು,
ಒಂದೊಂದನ್ನೂ ಆಚೆ ಒಗೆದು.
ನೂರ ನಲವತ್ತೊಂದು.

ಅದು ಬೇರೆಯಾಗಿಯೇ ಇತ್ತು:
ಬಿಸಿಲಿಗೆ ಬಣ್ಣ ಬಿಟ್ಟು ಗಂಜಿಯಾಗಿತ್ತು.
ಒಂದು ಬಕಲ್ ಇಲ್ಲ, ಆ ಜಾಗದಲ್ಲಿ ನೈಲಾನ್ ಹುರಿ,
ಬಲೆ ಹೆಣೆಯುವವರು ಹಾಕುವ ಗಂಟು.
ಹೊಲಿಗೆಯ ಗುಂಟ ಸಣ್ಣ ಚಿಪ್ಪುಗಳು ಸಂಸಾರ ಹೂಡಿದ್ದವು.
ಯಾರೋ ಬಂಡೆಯ ಬುಡದಲ್ಲಿ ಹೆಕ್ಕಿದರಂತೆ.
ಅಲ್ಲ, ಯಾರೋ ತೊಟ್ಟುಕೊಂಡೇ ಇಳಿದರಂತೆ.
ಯಾವ ಬೋಟು? ಗೊತ್ತಿಲ್ಲವಂತೆ.

ಸಾಹೇಬರ ಪುಸ್ತಕದಲ್ಲಿ
ಕಡಿಮೆ ಬಿದ್ದದ್ದಕ್ಕೆ ಕಾಲಂ ಉಂಟು, ದಂಡ ಉಂಟು,
ಎರಡು ಸಾಕ್ಷಿಯ ರುಜು ಉಂಟು.
ಹೆಚ್ಚಾದದ್ದಕ್ಕೆ ಏನೂ ಇಲ್ಲ.
"ನೂರ ನಲವತ್ತು ಅಂತ ಬರೆದು ಮುಗಿಸು ಮಾರಾಯ."
ಬರೆದೆ.

ಶೇವಂತಿ ಅಲ್ಲೇ ಕೂತು ಕಾಲಿನ ಮರಳು ಒರೆಸುತ್ತಿದ್ದಳು.
ಎದ್ದು ಬಂದು ಆ ಗಂಟಿನ ಮೇಲೆ
ಹೆಬ್ಬೆರಳು ಆಡಿಸಿದಳು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.
"ಎಡಗೈಯವ ಹಾಕಿದ್ದು" ಎಂದಳು.
ಅಷ್ಟೇ.
ಪ್ರಸಾದದ ಎರಡು ಹಣ್ಣು ನನ್ನ ಕೈಗಿಟ್ಟು
ಬಸ್ಸಿನ ಕಡೆ ನಡೆದಳು.
"ಎರಡು ಯಾಕೆ ಬಾಯಿ?" ಕೂಗಿದೆ.
ಬಸ್ಸಿನ ಹಾರ್ನು ದೊಡ್ಡದಿತ್ತು.

ಒಂದು ತಿಂದೆ.
ಸಿಪ್ಪೆ ಎಸೆಯಲು ಬಗ್ಗಿದರೆ ಭರ್ತಿ ಇಳಿತ,
ನೀರು ಎಲ್ಲೋ ಕೆಳಗೆ.
ಧಕ್ಕೆಯ ಕಂಬಗಳಿಗೆ ಅವೇ ಚಿಪ್ಪುಗಳು,
ಒದ್ದೆಯಾಗಿ, ಬಾಯಿ ಮುಚ್ಚಿಕೊಂಡು,
ಬೆಳಿಗ್ಗೆ ನಾನು ನಿಂತು ಗೀಟು ಹಾಕಿದ್ದೆನಲ್ಲ,
ಅಲ್ಲಿಗೆ ಒಂದು ಮೊಳ ಕೆಳಗಿನವರೆಗೂ.