ಚಿಕ್ಕ ಬಳೆ

ಹಲಗೆಯ ಆಚೆ ಅವನ ಸುತ್ತಿಗೆ, ಈಚೆ ನನ್ನದು.
ಅಪ್ಪನ ಕುಲುಮೆಯನ್ನು ಹನ್ನೊಂದು ವರ್ಷದ ಹಿಂದೆ
ಪೈನ್ ಹಲಗೆ ಬಡಿದು ಪಾಲು ಮಾಡಿಕೊಂಡೆವು.
ಸದ್ದನ್ನು ಪಾಲು ಮಾಡಲು ಬರಲಿಲ್ಲ.

ಇವತ್ತು ಮಧ್ಯಾಹ್ನ ಅತ್ತ ಸದ್ದು ನಿಂತಿತು.
ನಾನೂ ನಿಲ್ಲಿಸಿದೆ,
ಕೆಂಪು ಕಬ್ಬಿಣ ಕಪ್ಪಾಗುವಷ್ಟು ಹೊತ್ತು.
ಆಮೇಲೆ ಬರಿಯ ಅಡಿಗಲ್ಲಿನ ಮೇಲೆ ಒಂದೇ ಪೆಟ್ಟು: ಟಣ್.
ಕೆಲಸದ ಪೆಟ್ಟು ಯಾವತ್ತೂ ಒಂಟಿಯಲ್ಲ, ಕಮ್ಮಾರನಿಗೆ ಗೊತ್ತು.
ನಾನೂ ಒಂದು ಕೊಟ್ಟೆ.

ಅಷ್ಟೆ. ಅಷ್ಟಕ್ಕೇ
ಸಂಜೆ ಬೂದಿ ಹಾಕಿ ಕೈ ತಿಕ್ಕಿ
ಮದುವೆಗೆ ತೊಡುವ ಅಂಗಿ ತೊಟ್ಟು
ಸಾಫ್ರಾನ್‌ಬೋಲುವಿನ ಕಲ್ಲುಹಾಸಿಗೆ ಇಳಿದೆ.

ಚಪ್ಪಲಿಯವರ ಸಾಲಿನಲ್ಲಿ, ದ್ರಾಕ್ಷಿಬಳ್ಳಿಯ ಕೆಳಗೆ,
ನೆಜಾತಿ ಮೇಣದ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದ:
"ಯಾರು ಸತ್ತರು?"
"ಯಾರೂ ಇಲ್ಲ."
"ಹಾಗಾದರೆ ಮದುವೆ ಯಾರದು?"

ಶುಕುಫೆ ಏನೂ ಕೇಳಲಿಲ್ಲ.
ಲೋಕುಮ್ ಕಟ್ಟುತ್ತ, ಕಟ್ಟುತ್ತ,
"ಗುಲಾಬಿಯದ್ದು ಅವನಿಗೆ ಆಗದು, ಕೇಸರಿಯದ್ದು ಒಯ್ಯಿ," ಅಂದಳು.
"ಯಾವನಿಗೆ?"
"ಯಾವನಿಗೂ ಅಲ್ಲ ಬಿಡು,"
ಎರಡು ತುಂಡು ಹೆಚ್ಚು ಹಾಕಿ ತಕ್ಕಡಿ ಮುಚ್ಚಿದಳು.

ಮಸೀದಿಯಂಗಳದ ನೆರಳುಗಡಿಯಾರ
ಬಿಸಿಲಿಳಿದ ಮೇಲೆ ಬರಿಯ ಕಲ್ಲು.
ಬೇಗ ಬಂದೆನೋ ತಡವಾಯಿತೋ
ಅದನ್ನು ಕೇಳಿ ಪ್ರಯೋಜನವಿಲ್ಲ.
ಒಂಟೆಗಳು ಮಂಡಿಯೂರುತ್ತಿದ್ದ ಹಳೆಯ ಛತ್ರದ ಬಾಗಿಲಲ್ಲಿ
ಪ್ರವಾಸಿಗರ ಪೆಟ್ಟಿಗೆಯ ಚಕ್ರಗಳು ಕಟಕಟ ಎಡವಿದವು.
ಒಬ್ಬಳು ದಾರಿ ಕೇಳಿದಳು. ತೋರಿಸಿದೆ.
ನನಗೂ ಯಾರಾದರೂ ತೋರಿಸಬಹುದಿತ್ತು,
ನೂರು ಹೆಜ್ಜೆಯ ಏರು,
ಕಣ್ಣು ಮುಚ್ಚಿ ನಡೆಯುತ್ತಿದ್ದ ಏರು.

ಈ ಊರಲ್ಲಿ ಒಂದು ಮನೆ ಇನ್ನೊಂದರ ಬಿಸಿಲಿಗೆ ಅಡ್ಡ ನಿಲ್ಲದು,
ಹಿರಿಯರು ಹಾಗೆ ಲೆಕ್ಕ ಹಾಕಿ ಕಟ್ಟಿದ್ದಾರೆ.
ಅಣ್ಣತಮ್ಮಂದಿರನ್ನು ಹಾಗೆ ಕಟ್ಟುವ ಮೇಸ್ತ್ರಿ
ಅವರಿಗೂ ಸಿಗಲಿಲ್ಲ.

ಕದದ ಮೇಲೆ ಎರಡು ಬಳೆ.
ಗಂಡಸು ಬಂದರೆ ದೊಡ್ಡದು, ಹೆಂಗಸು ಬಂದರೆ ಚಿಕ್ಕದು,
ತೆಗೆಯುವವರಿಗೆ ಒಳಗೇ ತಿಳಿಯಲಿ ಎಂದು.
ದೊಡ್ಡದು ಅವನ ಕೈಯದು, ಚಿಕ್ಕದು ನನ್ನದು,
ಅಪ್ಪ ನಮಗೆ ಕೊಟ್ಟ ಮೊದಲ ಕಬ್ಬಿಣ.
ಕೈ ದೊಡ್ಡದರ ತನಕ ಹೋಗಿ
ಚಿಕ್ಕದನ್ನು ಹಿಡಿಯಿತು.
ಟಿಣ್. ಟಿಣ್ ಟಿಣ್.

ಒಳಗಿಂದ ಹಿದಾಯೆತ್‌ನ ದನಿ:
"ತೆಗೆ ಮುಯೆಸ್ಸೆರ್, ಹೆಂಗಸಲ್ಲ ಅದು.
ಇಷ್ಟು ಕೆಟ್ಟ ತಾಳ ಊರಿಗೆಲ್ಲ ಒಬ್ಬನದೇ."

ನೆಲದ ಮೇಲೆ ತಾಮ್ರದ ಹರಿವಾಣ,
ಮೊಸರುಹೂರಣದ ಪೆರುಹಿ, ಮೇಲೆ ಇನ್ನೂ ಚುರುಗುಡುವ ಬೆಣ್ಣೆ.
ಹಲಗೆಯ ಮಾತು ಯಾರೂ ಎತ್ತಲಿಲ್ಲ.
ಮುಯೆಸ್ಸೆರ್ ಬಡಿಸಿದಳು, ಬಡಿಸುತ್ತಲೇ ಇದ್ದಳು,
ಹನ್ನೊಂದು ವರ್ಷದ ಬಾಕಿ ಒಂದೇ ತಟ್ಟೆಗೆ ಬಿದ್ದಂತೆ.

"ಚಿಕ್ಕ ಬಳೆಯ ಮೊಳೆ ಸಡಿಲವಾಗಿದೆ," ಅಂದ ಅವನು.
"ನಲವತ್ತು ವರ್ಷ ಆಯಿತಲ್ಲ."
"ದೊಡ್ಡದು ಆಗಿಲ್ಲ."
"ದೊಡ್ಡದನ್ನು ಬಡಿಯುವವರು ಯಾರು ಬರುತ್ತಾರೆ ನಿನ್ನ ಮನೆಗೆ?"

ಅವನು ನಗಲಿಲ್ಲ.
ರೊಟ್ಟಿ ಮುರಿದ.
ಒಲೆಯ ಗೋಡೆಗೆ ತಾಗಿ ಕಪ್ಪಾದ ಅಂಚನ್ನು,
ಚಿಕ್ಕಂದಿನಲ್ಲಿ ನಾವು ಕೂದಲು ಹಿಡಿದು ಜಗಳಾಡುತ್ತಿದ್ದ ಅಂಚನ್ನು,
ನನ್ನ ಕಡೆ ತಳ್ಳಿ
ಮೆತ್ತಗಿನ ತುಂಡು ತಾನು ತಿಂದ,
ಇಷ್ಟವಿಲ್ಲದೆ, ನಿಧಾನವಾಗಿ.