ಒಂದು ಮನೆ ಎಡಕ್ಕೆ

ಎಲೆ ಹಾಕಿದರೆ ಮೊದಲು ಎಡತುದಿಗೆ ಉಪ್ಪು.
ಲಾಂಗ್‌ಟನ್ನಿನ ಈ ಶಾಲೆಯಲ್ಲೂ ನನ್ನ ಪಂಕ್ತಿ ಹಾಗೇ ಶುರು:
ಎಂಟು ಗಾಜಿನ ಜಾಡಿ, ಎಡಗಡೆಗೆ ಸೋಡಿಯಂ,
ಎಣ್ಣೆಯಲ್ಲಿ ಮುಳುಗಿ ಕೂತ ಮುಂಗೋಪಿ.
ಗಟ್ಟಿ ಬೆಣ್ಣೆಯ ಹಾಗೆ ಕುಯ್ಯಬೇಕು,
ಹೊಳಪು ಕಂಡಿತು ಅನ್ನುವಷ್ಟರಲ್ಲಿ ಮಂಕು.

ಪಾಠ ಮೇಷ್ಟರದು. ಜಾಡಿ ತೊಳೆಯುವವರು
ನಾನು ಮತ್ತು ಡೊರೀನ್ ಟನ್ನಿಕ್ಲಿಫ್.
ಆಕೆ ನನ್ನನ್ನು ‘ಡಕ್’ ಅನ್ನುತ್ತಾಳೆ;
ಈ ಊರಿನಲ್ಲಿ ಬಸ್ ಡ್ರೈವರನಿಗೂ
ನಾವೆಲ್ಲ ಬಾತುಕೋಳಿಗಳೇ.

ಸೂಚಕದ ಬಾಟಲಿ ಬರಿದು.
ಹೊಸದಕ್ಕೆ ಏಪ್ರಿಲ್ ತನಕ ದುಡ್ಡಿಲ್ಲ.
ಮನೆಯ ಡಬ್ಬಿಯಿಂದ ಅರಿಶಿನ ತಂದೆ.
ಸೋಡಿಯಂ ಉರಿದ ಜಾಡಿಗೆ ನೀರು ಹೊಯ್ದು ಹಾಕಿದರೆ
ಆರತಿ ತಟ್ಟೆಯ ಕೆಂಪು! ಮಕ್ಕಳು ಹೋ ಎಂದರು.
ಮೆಗ್ನೀಸಿಯಂ ಬೂದಿಗೆ ಕೆಂಪು ಅರೆಮನಸ್ಸಿನದು.
ಮೂರನೆಯದರಿಂದ ಆಚೆ ಹಳದಿ ಹಳದಿಯೇ.
ಅರಿಶಿನಕ್ಕೆ ಸುಣ್ಣದ ಸಂಬಂಧ ಗೊತ್ತು,
ಹುಣಿಸೆಯದು ಗೊತ್ತಿಲ್ಲ;
ಅರ್ಧ ಕಥೆ ಹೇಳಿ ಎದ್ದುಹೋಗುವ ನೆಂಟ.

ಉಳಿದರ್ಧಕ್ಕೆ ಡೊರೀನ್ ಕೆಂಪು ಕೋಸು ಕುದಿಸಿದಳು.
ಕಾರಿಡಾರಿಗೆಲ್ಲ ನಾತ.
ಆ ನೇರಳೆ ರಸ ಹನಿಸುತ್ತ ಬಲಕ್ಕೆ ಸರಿದರೆ
ರಂಜಕದ ಹೊಗೆ ಇಳಿದ ನೀರು ಬೀಟ್‌ರೂಟು,
ಗಂಧಕಕ್ಕೆ ತಿಳಿಗುಲಾಬಿ, ನಮಗೆಲ್ಲ ಕೆಮ್ಮು.
ಕ್ಲೋರಿನ್ನಿನ ಆಕ್ಸೈಡನ್ನು ಚಿತ್ರದಲ್ಲೇ ತೋರಿಸಿದರು,
ಸಿಡಿದೀತೆಂಬ ಭಯ.
ಆರ್ಗಾನಿನ ಜಾಡಿ ಖಾಲಿ ಎಂದು ಯಾರೋ
ಅದರೊಳಗೆ ಪೆನ್ಸಿಲ್ ಇಟ್ಟಿದ್ದರು.

ಎಡದವರು ಕೊಡುಗೈಯವರು, ಬಲದವರು ಕಿತ್ತುಕೊಳ್ಳುವವರು,
ಮೇಷ್ಟರು ಬೋರ್ಡಿನ ಮೇಲೆ ಬರೆಯುತ್ತಿದ್ದರು.
ಒಂದೊಂದು ಮನೆಗೂ ಒಂದೊಂದು ಪ್ರೋಟಾನು ಹೆಚ್ಚಿ
ಪರಮಾಣು ದಪ್ಪವಾಗುವುದಿಲ್ಲ, ಕುಗ್ಗುತ್ತದೆ.
ಯಾರೂ ಬರೆದುಕೊಳ್ಳಲಿಲ್ಲ. ಎಲ್ಲರಿಗೂ ಬಣ್ಣದ ಮೇಲೆ ಕಣ್ಣು.

ಅಲ್ಯೂಮಿನಾ ಅಡ್ಡಗೋಡೆಯ ಮೇಲಿನ ದೀಪ:
ಆಮ್ಲಕ್ಕೂ ಸೈ, ಕ್ಷಾರಕ್ಕೂ ಸೈ,
ಬರೀ ನೀರಿಗೆ ಯಾರೂ ಅಲ್ಲ.
ಅದರ ಪಕ್ಕ ನಾಲ್ಕನೇ ಜಾಡಿ, ಒಂದು ಹಿಡಿ ಬಿಳಿ ಮರಳು.
ಒಳಗೆ ಹುಳಿ ಇದ್ದರೂ ನೀರಿನ ಮುಂದೆ ಬಾಯಿ ಬಿಡದು.
ಹಾಕಿದ ನೇರಳೆ ಹಾಕಿದ ಹಾಗೇ.

‘ಇದು ಕೆಟ್ಟಿದೆ ಮಿಸ್, ಏನೂ ಆಗ್ತಾ ಇಲ್ಲ’ ಅಂದಳು ಕೀಲಿ ಬ್ಲೋರ್.

‘ಕೆಟ್ಟಿಲ್ಲ. ಕರಗಲ್ಲ ಅಷ್ಟೆ.’
ಡೊರೀನ್ ಬಟ್ಟೆ ಹಿಂಡುತ್ತಿದ್ದಳು.
‘ನಮ್ಮಮ್ಮನ ಎದೇಲಿ ಹತ್ತೊಂಬತ್ತು ವರ್ಷ ಇತ್ತು.
ಕರಗಲಿಲ್ಲ.’

ತಟ್ಟೆ ಬಾಗಬಾರದೆಂದು ಚಕಮಕಿ ಕಲ್ಲಿನ ಹಿಟ್ಟಿನಲ್ಲಿ
ಹೂತು ಸುಡುತ್ತಿದ್ದರಂತೆ.
ಸುಟ್ಟ ಮೇಲೆ ಆ ಹಿಟ್ಟು ಬ್ರಷ್ಷಿನಿಂದ ಉದುರಿಸುವುದು
ಹೆಂಗಸರ ಕೆಲಸ.
ಸಂಜೆ ಮನೆಗೆ ಬಂದರೆ ಹುಬ್ಬೆಲ್ಲ ನರೆತಿರುತ್ತಿತ್ತು,
ವಯಸ್ಸಿನ್ನೂ ಮೂವತ್ತು.
‘ಆಮೇಲೆ ಪುಡಿ ಬದಲಾಯಿಸಿದರು. ಅಲ್ಯೂಮಿನಾ.
ಅದು ಯಾರನ್ನೂ ಹಾಗೆ ಕೆಮ್ಮಿಸಲಿಲ್ಲ.’

ಗೋಡೆಯ ಕೋಷ್ಟಕದಲ್ಲಿ ಹದಿನಾಲ್ಕರ ಮೇಲೆ ಒದ್ದೆ ಬೆರಳಿಟ್ಟು
ಹದಿಮೂರಕ್ಕೆ ಎಳೆದಳು. ಕಾಗದ ನೆನೆಯಿತು.
‘ಇಷ್ಟೇ, ಡಕ್. ಒಂದು ಮನೆ ಎಡಕ್ಕೆ.’

ಚೌಕಾಬಾರದಲ್ಲಿ ಕಾಯಿ ಹಿಂದಕ್ಕೆ ನಡೆಯುವುದಿಲ್ಲ.
ಬಾಯಿಗೆ ಬಂತು. ಹೇಳಲಿಲ್ಲ.

ಗಂಟೆ ಹೊಡೆಯಿತು. ಎಡದ ಜಾಡಿಯನ್ನು
ಬಲದ ಜಾಡಿಗೆ ಮೆಲ್ಲಗೆ ಸುರಿದೆ, ರಸ ಮತ್ತೆ ನೇರಳೆಗೆ ತಿರುಗುವ ತನಕ.
ಕೊನೆಗೆ ಎಲ್ಲ ಉಪ್ಪೇ.
ಮರಳು ಮಾತ್ರ ಜಾಡಿಯ ತಳದಲ್ಲಿ.

ಡೊರೀನ್ ಬಟ್ಟೆ ಮತ್ತೆ ನೆನೆಸಿ ಮೇಜು ಒರೆಸಿದಳು.
ಒಣ ಬಟ್ಟೆಯಿಂದ ಆಕೆ ಧೂಳು ಕೊಡವಿದ್ದನ್ನು
ಈ ಆರು ವರ್ಷದಲ್ಲಿ ನಾನು ಕಂಡಿಲ್ಲ.
ಯಾಕೆಂದು ಕೇಳಿಯೂ ಇರಲಿಲ್ಲ.