ಮೂರು ಗಂಟೆ ಹತ್ತಕ್ಕೆ

ಬಾಗಿಲಿಗೆ ಚೀಟಿ ಅಂಟಿಸಿದವಳು ನಾನೇ:
"ಎಲೆಯ ಹತ್ತಿರ ಉಸಿರೆತ್ತಬೇಡಿ."
ಗದರಿದ್ದಲ್ಲ. ಅಕ್ಷರಕ್ಕೆ ಅಕ್ಷರ ಅಷ್ಟೇ ಅರ್ಥ.

ತಾರ್ತು ಊರಿನ ಜನವರಿ. ಹೊರಗಿನ ಗಾಳಿ ತರುವ ಕೊಳವೆ
ಹಿಮ ಕಟ್ಟಿ ಸೆಟೆದುಕೊಂಡಿತ್ತು;
ಅದರ ಬಾಯನ್ನು ಕೋಣೆಯೊಳಕ್ಕೇ ತಿರುಗಿಸಿದ್ದೆವು.
ರಾತ್ರಿಯನ್ನೇ ಹಗಲೆಂದು ನಂಬಿಸುವ ದೀಪದಡಿ
ಗಾಜಿನ ಡಬ್ಬಿಯಲ್ಲಿ ಒಂದು ಗಿಡ,
ಸಾಸಿವೆಯ ದಾಯಾದಿ, ಗೇಣುದ್ದವೂ ಇಲ್ಲ.

ಎಲೆಯಡಿಯಲ್ಲಿ ಬಾಯಿಗಳು. ಅವನ್ನೆಣಿಸುವುದಕ್ಕೇ ನನಗೆ ಸಂಬಳ.
ಒಂದೊಂದಕ್ಕೂ ಎರಡು ತುಟಿ, ಎದುರುಬದುರು ಅವರೆಕಾಳು;
ಪುಸ್ತಕದಲ್ಲಿ ಕಾವಲು ಕೋಶ.
ನೀರುಂಡು ಬಿಗಿದರೆ ಬಾಗಿ ತೆರೆಯುತ್ತವೆ.
ಇಂಗಾಲದ ಗಾಳಿ ಏರಿತೋ,
ತುಟಿಯ ತೇವದಲ್ಲಿ ಕರಗಿ, ಸೋಡಾದ ನಂಟಾಗಿ,
ಒಂದು ಪ್ರೋಟೀನು ಇನ್ನೊಂದರ ಕೈ ಕಟ್ಟಿ,
ಎಲ್ಲೋ ಒಂದು ಅಗುಳಿ ಸರಿದು
ಉಪ್ಪು ಹೊರಗೆ, ಉಪ್ಪಿನ ಬೆನ್ನಿಗೆ ನೀರು.
ಸೊರಗಿದ ತುಟಿ ಪಿಟಕ್ಕೆನ್ನದೆ ಮುಚ್ಚುತ್ತದೆ.
ಹೊಟ್ಟೆ ತುಂಬಿದ ಮೇಲೂ ಬಾಗಿಲು ತೆರೆದಿಟ್ಟು
ನೀರೇಕೆ ಚೆಲ್ಲಬೇಕು?

ಪಕ್ಕದ ಕುಂಡದ್ದು ಕಿವುಡು ಗಿಡ.
ಜೀನಿನಲ್ಲಿ ಒಂದಕ್ಷರ ತಪ್ಪು, ಅಷ್ಟೇ.
ಎಷ್ಟು ಊದಿದರೂ ಬಾಯಿ ಮುಚ್ಚದು,
ನನ್ನ ಚಿಕ್ಕಮ್ಮ ಹಿಲ್ಯಾಳ ಹಾಗೆ;
ಇದ್ದದ್ದೆಲ್ಲ ಆಡಿ, ಮಧ್ಯಾಹ್ನಕ್ಕೇ ಬಾಡಿ ತೂಗುತ್ತದೆ.

ಹನ್ನೊಂದು ರಾತ್ರಿ, ಮೂರು ಗಂಟೆ ಹತ್ತಕ್ಕೆ
ನನ್ನ ನೇರ ಗೆರೆ ಕುಸಿಯಿತು.
ಇಪ್ಪತ್ತು ನಿಮಿಷ, ಮತ್ತೆ ಮೆಲ್ಲಗೆ ಮೇಲೆ.
ಪಂಪು ಬಿಚ್ಚಿದೆ, ವಾಷರ್ ಬದಲಿಸಿದೆ,
ಕಂಪನಿಗೆ ಖಾರವಾಗಿ ಕಾಗದ ಬರೆದೆ.
ಹನ್ನೆರಡನೆಯ ರಾತ್ರಿ ಬೀರುವಿನ ಹಿಂದೆ ಕೂತೆ.

ಬಂದವನು ಎಂಡೆಲ್, ರಾತ್ರಿ ಕಾವಲಿನವ.
ಟೋಪಿ ತೆಗೆದು ದೀಪಕ್ಕೆ ಕೈ ಒಡ್ಡಿದ;
ಕಟ್ಟಡದಲ್ಲಿ ಬೆಚ್ಚಗಿರುವುದು ಇದೊಂದೇ ಕೋಣೆ.
ಕೊಳವೆಯ ಬಾಯಿಯ ಪಕ್ಕದಲ್ಲೇ ನಿಂತು
ಗಿಡಕ್ಕೆ ಹೇಳುತ್ತಿದ್ದ,
ಕೊಹ್ಟ್ಲಾ ಗಣಿಯಲ್ಲಿ ಎಣ್ಣೆಗಲ್ಲು ಕಡಿದ ವರ್ಷಗಳನ್ನು:
"ಗಾಳಿ ಕೆಟ್ಟರೆ ಲಾಟೀನಿನ ಉರಿ ಕುಕ್ಕರಿಸಿ ಕೂರುತ್ತಿತ್ತು.
ಆಗ ಯಾರೂ ಮಾತಾಡುತ್ತಿರಲಿಲ್ಲ.
ಸುಮ್ಮನೆ ನಡೆದುಬಿಡುತ್ತಿದ್ದೆವು."

ನಾನು ಕೆಮ್ಮಿದೆ. ಅವನನ್ನು ಕರೆದು ಪರದೆ ತೋರಿಸಿದೆ:
ನಾನೂರಿಪ್ಪತ್ತಿದ್ದದ್ದು ಒಂಬೈನೂರಕ್ಕೆ,
ಅದರ ಹಿಂದೆಯೇ ಎಲೆಯ ಗೆರೆ ಬಾಗುತ್ತಾ ಬಾಗುತ್ತಾ.
"ಇದು ನಾನೋ?" ಅಂದ.
ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದು
ಹಿಂದುಹಿಂದಕ್ಕೇ ನಡೆದು ಹೊರಟುಹೋದ.

ಮರುರಾತ್ರಿಯ ಗೆರೆ ನೂಲು ಹಿಡಿದಂತೆ ನೇರ.
ಪ್ರಬಂಧಕ್ಕೆ ಬೇಕಿದ್ದದ್ದೂ ಅದೇ.
ಆ ಹನ್ನೆರಡು ಹೊಂಡಗಳನ್ನು ಅಳಿಸಬೇಕಿತ್ತು;
ಬೇರೆ ಕಡತದಲ್ಲಿಟ್ಟೆ, ಹೆಸರು ಕೊಡಲಿಲ್ಲ.

ಮಾರ್ಚಿಯಲ್ಲಿ ಹಿಮ ಕರಗಿ ಕೊಳವೆ ಹೊರಗೆ ಹೋಯಿತು.
ಈಗ ಬನ್ನಿ, ಉಸಿರಾಡಿ, ಅಂದೆ.
ಪಡಸಾಲೆಯೇ ಅಭ್ಯಾಸವಾಗಿದೆ, ಅಂದ.

ಪ್ರಯೋಗ ಮುಗಿದ ಮೇಲೆ ಕಿವುಡು ಗಿಡವನ್ನು
ಅವನ ಮೇಜಿನ ಮೇಲಿಟ್ಟು ಬಂದೆ.
ಎಷ್ಟು ಬೇಕಾದರೂ ಮಾತಾಡಬಹುದು, ಮುಚ್ಚಿಕೊಳ್ಳುವುದಿಲ್ಲ.
ನೀರು ಮಾತ್ರ ದಿನಕ್ಕೆರಡು ಸಲ.
ಚಹಾದ ಲೋಟದಲ್ಲಿ ಹೊಯ್ಯುತ್ತಾನೆ,
ಮೊದಲು ಬೆರಳದ್ದಿ ನೋಡಿ, ಬಿಸಿಯಿಲ್ಲವಷ್ಟೇ ಎಂದು.